ಕಫದ ಔಷಧ ಕೆಲಸ ಮಾಡುತ್ತದಾ? ಹಾಸನದಲ್ಲೇ ಪರೀಕ್ಷೆ ಮಾಡಿಸಿ

ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸಕಲೇಶಪುರ ಕಡೆಯ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಮಳೆ ಹಿಡಿಯಿತು ಅಂದರೆ ಕೆಮ್ಮೂ ಶುರು. ಒದ್ದೆ ಸೌದೆ, ಹೊಗೆ ಹೋಗಲು ದಾರಿಯಿಲ್ಲದ ಅಡುಗೆಮನೆ. ಬೀಡಿ ಮುಟ್ಟದ ಹೆಂಗಸರಿಗೂ ಇದರಿಂದ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಬರುತ್ತದೆ. ಗ್ಯಾಸ್ ಬಂದ ಮನೆಯಲ್ಲೂ ಸ್ನಾನದ ಹಂಡೆಗೆ ಇನ್ನೂ ಸೌದೆಯೇ. ಅವರು ಸಂತೆಗೆ ಬಂದಾಗ ಕೂಲಿ ದುಡ್ಡಿನಲ್ಲಿ ಕೆಮ್ಮಿನ ಸಿರಪ್ ಒಯ್ಯುತ್ತಾರೆ. ತಿಂಗಳುಗಟ್ಟಲೆ ಕುಡಿಯುತ್ತಾರೆ.

ಅದರಿಂದ ಉಪಯೋಗ ಇದೆಯಾ? ಕಫ ತೆಳುವಾಗಿಸುವ ಕಾರ್ಬೊಸಿಸ್ಟೀನ್ ಎಂಬ ಔಷಧವನ್ನು ಚೀನಾದಲ್ಲಿ 709 ಸಿಒಪಿಡಿ ರೋಗಿಗಳ ಮೇಲೆ ಒಂದು ವರ್ಷ ಪರೀಕ್ಷಿಸಿದ್ದರು. ಫಲಿತಾಂಶ 2008ರಲ್ಲಿ ಬಂತು. ಕಾಯಿಲೆ ಉಲ್ಬಣಿಸುವುದು ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ಬ್ರಿಟನ್ನಿನಲ್ಲಿ ಇದೇ ಔಷಧವನ್ನು ಬ್ರಾಂಕಿಯೆಕ್ಟೇಸಿಸ್ ಎಂಬ ಇನ್ನೊಂದು ಶ್ವಾಸಕೋಶದ ಕಾಯಿಲೆಗೆ ಕೊಟ್ಟು ನೋಡಿದರು. 2025ರಲ್ಲಿ ಬಂದ ಉತ್ತರ: ಹೇಳಿಕೊಳ್ಳುವಂಥ ಲಾಭವಿಲ್ಲ. ಒಲೆಯ ಹೊಗೆಯಿಂದ ಶ್ವಾಸಕೋಶ ಕೆಟ್ಟ ನಮ್ಮ ಹೆಂಗಸರಿಗೆ ಇವೆರಡರಲ್ಲಿ ಯಾವುದನ್ನು ಅನ್ವಯಿಸೋಣ?

ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಈ ಕೆಲಸ ವಹಿಸಿ. ಮೊದಲು ಸ್ಪೈರೋಮೆಟ್ರಿ ಯಂತ್ರದಲ್ಲಿ ಊದಿಸಿ ಕಾಯಿಲೆ ಖಚಿತಪಡಿಸಲಿ. ಆಮೇಲೆ ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಔಷಧ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಡಾಕ್ಟರಿಗೂ ತಿಳಿಯಬಾರದು. ಮಳೆ ನಿಂತರೆ ಕೆಮ್ಮು ತಾನಾಗೇ ಇಳಿಯುತ್ತದೆ, ಹೆಸರು ಮಾತ್ರ ಸಿರಪ್‌ಗೆ ಬರುತ್ತದೆ, ಅಲ್ವಾ? ಅದಕ್ಕೇ ಇಷ್ಟು ಎಚ್ಚರ ಬೇಕು. ಮಳೆಗಾಲ, ಚಳಿಗಾಲ ಎರಡೂ ಸಿಗುವಂತೆ ಪೂರ್ತಿ ಒಂದು ವರ್ಷ ನಡೆಸಬೇಕು. ಇನ್‌ಹೇಲರ್ ಯಾರಿಗೂ ನಿಲ್ಲಿಸಬಾರದು. ಎಷ್ಟು ಸಲ ಆಸ್ಪತ್ರೆ ಸೇರಿದರು ಎನ್ನುವುದರ ಜೊತೆಗೆ ಎಷ್ಟು ದಿನ ಕೂಲಿ ತಪ್ಪಿತು ಅಂತಲೂ ಬರೆದುಕೊಳ್ಳಲಿ. ನನಗೆ ಅದು ಬಹಳ ಮುಖ್ಯ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಓದಲು ಬಾರದವರಿಗೆ ಓದಿ ಹೇಳಲಿ. ಬೇಡ ಅಂದವರ ಚಿಕಿತ್ಸೆಗೆ ತೊಂದರೆ ಆಗಬಾರದು. ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ, ಬಸ್ ಚಾರ್ಜು ಸರ್ಕಾರ ಕೊಡಲಿ. ಮೊದಲ ರೋಗಿ ಸೇರುವ ಮುಂಚೆಯೇ ಕೇಂದ್ರದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಎಲ್ಲ ವಿವರ ದಾಖಲಾಗಲಿ.

ಉಪಯೋಗವಾದರೆ ಆ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕು. ಆಗದಿದ್ದರೆ ಅದನ್ನೂ ಮುಚ್ಚಿಡದೆ ಪ್ರಕಟಿಸಿ, ಆ ಹಣವನ್ನು ಇನ್‌ಹೇಲರ್‌ಗೆ ಹಾಕಿ. ಬರುವ ಬಜೆಟ್‌ನಲ್ಲಿ ಇದಕ್ಕೆ ಹಣ ಇಡುತ್ತೀರಾ? ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ನಾಗರಿಕ