ಬಯಾಪ್ಸಿ ತುಣುಕು ಕೆಟ್ಟರೆ ವರದಿಯೂ ಕೆಟ್ಟಂತೆ

ಮಾನ್ಯರೇ,

ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮನೆಯವರು ಹಿಡಿದು ಓಡಾಡುವ ಫೈಲಿನಲ್ಲಿ ಈಗ ‘ಪಿಡಿ-ಎಲ್1, ಟಿಪಿಎಸ್ ಶೇ 60’ ಎಂಬಂಥ ಒಂದು ಸಾಲು ಇರುತ್ತದೆ. ಪಿಡಿ-ಎಲ್1 ಎಂಬುದು ಗಡ್ಡೆಯ ಕೋಶಗಳ ಅಂಚಿನಲ್ಲಿ ಕಾಣುವ ಒಂದು ಪ್ರೋಟೀನ್, ಅದು ಕಾಣಿಸಿದ ಕೋಶಗಳ ಶೇಕಡಾವಾರು ಲೆಕ್ಕವೇ ಟಿಪಿಎಸ್. ಲಕ್ಷಗಟ್ಟಲೆ ಖರ್ಚಿನ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎತ್ತಿಕಟ್ಟುವ ಚಿಕಿತ್ಸೆ) ಕೊಡಬೇಕೇ, ಕೊಟ್ಟರೆ ಕೀಮೋ ಜೊತೆಗೋ ಅದೊಂದೇ ಸಾಕೋ ಎಂಬುದು ಬಹುಮಟ್ಟಿಗೆ ಈ ಅಂಕಿಯ ಮೇಲೆ ನಿಂತಿದೆ. 2016ರಲ್ಲಿ ಪ್ರಕಟವಾದ ಕೀನೋಟ್-024 ಅಧ್ಯಯನಕ್ಕೆ ಆರಿಸಿಕೊಂಡದ್ದು ಟಿಪಿಎಸ್ ಶೇ 50 ಮತ್ತು ಅದಕ್ಕಿಂತ ಹೆಚ್ಚಿದ್ದವರನ್ನು, ಅದೂ ಇಜಿಎಫ್ಆರ್, ಎಎಲ್‌ಕೆ ಜೀನ್‌ಗಳಲ್ಲಿ ದೋಷ ಇಲ್ಲದವರನ್ನು. ಅವರಲ್ಲಿ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ ಔಷಧ ಪಡೆದವರಲ್ಲಿ 5 ವರ್ಷದ ನಂತರವೂ ಶೇ 32ರಷ್ಟು ಮಂದಿ ಬದುಕಿದ್ದರು. ಕೀಮೋದಿಂದ ಶುರು ಮಾಡಿದವರಲ್ಲಿ ಶೇ 16ರಷ್ಟು. ಇಷ್ಟು ತೂಕದ ಅಂಕಿ ಎಷ್ಟೋ ಸಲ ಲ್ಯಾಬು ತಲುಪುವ ಮೊದಲೇ, ತುಣುಕು ಹಾಕಿದ ಬಾಟಲಿಯಲ್ಲೇ ಕೆಟ್ಟುಹೋಗುತ್ತದೆ.

ಬಯಾಪ್ಸಿ ತುಣುಕು ಸೂಜಿಯಿಂದ ಹೊರಬಿದ್ದ ತಕ್ಷಣ, ತಡವೆಂದರೆ 1 ಗಂಟೆಯೊಳಗೆ, ಶೇ 10ರ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ದ್ರಾವಣ ತುಣುಕಿನ ಗಾತ್ರದ ಹತ್ತು ಪಟ್ಟಾದರೂ ಇರಬೇಕು. ಕನಿಷ್ಠ 6 ಗಂಟೆ ನೆನೆಯಬೇಕು, 72 ಗಂಟೆ ಮೀರಬಾರದು. ಕೈಗೆ ಸಿಕ್ಕಿತೆಂದು ಸಲೈನ್‌ನಲ್ಲಿ ಹಾಕಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಕಳಿಸಿದರೆ ಬೆಳಗಿನ ಹೊತ್ತಿಗೆ ಜೀವಕೋಶಗಳೇ ಕರಗತೊಡಗಿರುತ್ತವೆ, ಇದ್ದ ಪ್ರೋಟೀನೂ ಇಲ್ಲವೆಂದು ಕಾಣಬಹುದು. ಮೂಳೆಗೆ ಹರಡಿದ ಗಡ್ಡೆಯ ತುಣುಕನ್ನು ಆಸಿಡ್‌ನಲ್ಲಿ ಮೆತ್ತಗೆ ಮಾಡಿದಾಗಲೂ ಇದೇ ಪಾಡು. ಅಂಥ ಮಾದರಿಯಲ್ಲಿ ‘ಸೊನ್ನೆ’ ಬಂದರೆ ನಂಬಬೇಡಿ. ಸಾಧ್ಯವಿದ್ದರೆ ಬೇರೆ ಜಾಗದ ತುಣುಕು ತೆಗೆಯುವುದು ಒಳಿತು.

ಇನ್ನು ಎಣಿಕೆ. ಗಾಜಿನ ಮೇಲೆ ಜೀವಂತವಾಗಿದ್ದ ಗಡ್ಡೆಯ ಕೋಶಗಳು 100 ಆದರೂ ಇರಬೇಕು. ಪಿಡಿ-ಎಲ್1 ಗುರುತಿಸಲು ಬಣ್ಣ ಹಾಕಿದಾಗ ಅವುಗಳಲ್ಲಿ ಅಂಚಿಗೆ ಕಂದು ಗೆರೆ ಕಟ್ಟಿದವು ಎಷ್ಟೆಂದು ಎಣಿಸುತ್ತೇವೆ. ಗೆರೆ ತೆಳುವಿರಲಿ, ಅರ್ಧ ಸುತ್ತೇ ಇರಲಿ, ಲೆಕ್ಕಕ್ಕೆ ಬರುತ್ತದೆ. ಮೋಸ ಮಾಡುವುದು ಪಕ್ಕದಲ್ಲೇ ಕುಳಿತ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶ. ಅದರ ಅಂಚೂ ಕಂದಾಗುತ್ತದೆ. ಹೊಟ್ಟೆಯೊಳಗೆ ಹೊಗೆಯ ಕರಿ ಚುಕ್ಕೆಗಳಿದ್ದರೆ ಗುರುತು ಸಿಗುತ್ತದೆ. ಇಲ್ಲದಿದ್ದರೆ ಅದನ್ನೂ ಗಡ್ಡೆಯ ಕೋಶವೆಂದು ಎಣಿಸಿ ಅಂಕಿ ಏರಿಸಿಬಿಡಬಹುದು. 50ರ ಗೆರೆಯ ಆಚೀಚೆ ಇರುವ ವರದಿಯನ್ನು ಇಬ್ಬರು ನೋಡುವುದು ಕ್ಷೇಮ.

ರಕ್ತದ ಮಾರ್ಕರ್‌ಗಳ ಕಥೆ ಇನ್ನೂ ಸೂಕ್ಷ್ಮ. ಗಡ್ಡೆಯಿಂದ ರಕ್ತಕ್ಕೆ ಸೇರುವ ಪ್ರೋಟೀನ್‌ಗಳಿವು. ಸ್ಮಾಲ್ ಸೆಲ್ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ನೋಡುವ ಎನ್‌ಎಸ್‌ಇ ಎಂಬ ಮಾರ್ಕರ್ ಕೆಂಪು ರಕ್ತಕಣಗಳಲ್ಲೂ ಪ್ಲೇಟ್‌ಲೆಟ್‌ಗಳಲ್ಲೂ ಇರುತ್ತದೆ. ರಕ್ತ ತೆಗೆದ 1 ಗಂಟೆಯೊಳಗೆ ಸೀರಮ್ ಬೇರ್ಪಡಿಸದಿದ್ದರೆ, ಅಥವಾ ರಕ್ತಕಣ ಒಡೆದು ಸೀರಮ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಅಂಕಿ ಸುಳ್ಳೇ ಏರುತ್ತದೆ. ಸಿಇಎ ಎಂಬ ಮಾರ್ಕರ್ ಬೀಡಿ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ತುಸು ಹೆಚ್ಚಿರುತ್ತದೆ. ಕಿಡ್ನಿ ಕೆಟ್ಟಿದ್ದರೆ ಇನ್ನೆರಡು ಮಾರ್ಕರ್‌ಗಳಾದ ಸೈಫ್ರಾ 21-1 ಮತ್ತು ಪ್ರೊಜಿಆರ್‌ಪಿ ಏರುತ್ತವೆ. ಚಿಕಿತ್ಸೆಗೆ ಮುಂಚೆ ಸೈಫ್ರಾ ಹೆಚ್ಚಿದ್ದವರಲ್ಲಿ ರೋಗದ ಗತಿ ಸಾಮಾನ್ಯವಾಗಿ ಕಠಿಣ, ನಿಜ. ಆದರೆ ಅದು ಯಾವ ಔಷಧ ಕೊಡಬೇಕೆಂದು ಹೇಳುವುದಿಲ್ಲ. ರೋಗದ ಗತಿ, ಔಷಧದ ಆಯ್ಕೆ ಈ ಎರಡನ್ನೂ ಒಂದೇ ಎಂದುಕೊಂಡು ಮನೆಯವರು ಕಂಗಾಲಾಗುವುದು ಬೇಸರದ ಸಂಗತಿ. ಏರಿಳಿತ ನೋಡುವುದಾದರೆ ಪ್ರತಿ ಸಲವೂ ಅದೇ ಲ್ಯಾಬು, ಅದೇ ಕಿಟ್ ಇರಲಿ. ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಅಂಕಿಗೆ ಹೋಲಿಸಲಾಗದು. ಆರೋಗ್ಯವಂತರ ತಪಾಸಣೆ ಪ್ಯಾಕೇಜುಗಳಲ್ಲಿ ಇವನ್ನು ಸೇರಿಸಿ ಮಾರುವುದನ್ನಂತೂ ನಿಲ್ಲಿಸಬೇಕು.

ಲ್ಯಾಬುಗಳಲ್ಲಿ ನಮ್ಮ ಕೋರಿಕೆ ಇಷ್ಟೆ: ಪಿಡಿ-ಎಲ್1 ವರದಿಯಲ್ಲಿ ಬರೀ ಶೇಕಡಾವಾರು ಬರೆದು ಕೈತೊಳೆದುಕೊಳ್ಳದೆ ಬಣ್ಣ ಹಾಕಲು ಬಳಸಿದ ಪ್ರತಿಕಾಯದ ಕ್ಲೋನ್ (22ಸಿ3, ಎಸ್‌ಪಿ263 ಇತ್ಯಾದಿ), ಎಣಿಸಿದ ಕೋಶಗಳು ನೂರಕ್ಕೆ ಕಡಿಮೆಯಿದ್ದವೇ, ಫಾರ್ಮಲಿನ್‌ನಲ್ಲಿದ್ದ ಅವಧಿ ಎಷ್ಟು ಎಂಬುದನ್ನೂ ಬರೆಯಲಿ. ಮನೆಯವರು ಬೇರೆ ಆಸ್ಪತ್ರೆಗೆ ಹೋಗುವಾಗ ಬರೀ ಸ್ಲೈಡು ಸಾಲದು, ತುಣುಕು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಕತ್ತರಿಸಿಟ್ಟ ಸ್ಲೈಡಿನಲ್ಲಿ ತಿಂಗಳು ಕಳೆದಂತೆ ಈ ಪ್ರೋಟೀನ್ ಮಂಕಾಗುತ್ತದೆ. ಇಜಿಎಫ್ಆರ್, ಎಎಲ್‌ಕೆ ಪರೀಕ್ಷೆಗೂ ಅದೇ ಬ್ಲಾಕ್ ಬೇಕು. ಆ ಫಲಿತಾಂಶ ಬರುವ ಮೊದಲೇ, ಟಿಪಿಎಸ್ 80 ಇದೆಯೆಂದು ಇಮ್ಯುನೊಥೆರಪಿಗೆ ಅವಸರ ಮಾಡಬೇಡಿ. ಇಜಿಎಫ್ಆರ್ ದೋಷವಿದ್ದವರಿಗೆ ಅದರಿಂದ ಸಿಗುವ ಪ್ರಯೋಜನ ಕಡಿಮೆ. ಇಮ್ಯುನೊಥೆರಪಿಯ ಬೆನ್ನಿಗೇ ಇಜಿಎಫ್ಆರ್ ದೋಷಕ್ಕೆ ಕೊಡುವ ಒಸಿಮರ್ಟಿನಿಬ್ ಮಾತ್ರೆ ಶುರು ಮಾಡಿದರೆ ಶ್ವಾಸಕೋಶಕ್ಕೆ ತೀವ್ರ ಉರಿಯೂತ ತಗಲುವ ಅಪಾಯವೂ ಹೆಚ್ಚು.

– ರೋಗಶಾಸ್ತ್ರ ತಜ್ಞರ ಬಳಗ, ದಾವಣಗೆರೆ