ಮಲ್ಪೆಗೆ ಬಂದ ಬೋಟು, ಕೇರಳದಲ್ಲೇ ಉಳಿದ ಬಿಲ್ಲು: ಹೆಚ್ಚುವರಿ ತೆರಿಗೆ ಮರಳಿಸುವಂತೆ ದೂರು

ಮಲ್ಪೆ, ಉಡುಪಿ ಜಿಲ್ಲೆ
10 ಫೆಬ್ರವರಿ 2025

ಇವರಿಗೆ,
ವ್ಯವಸ್ಥಾಪಕರು,
ಫೈಬರ್ ಬೋಟು ನಿರ್ಮಾಣ ಸಂಸ್ಥೆ,
ಕಾಸರಗೋಡು ಜಿಲ್ಲೆ, ಕೇರಳ

ವಿಷಯ: 24-07-2024ರ ಬಿಲ್ಲಿನಲ್ಲಿ ಮೀನುಗಾರಿಕೆ ಬೋಟಿನ ಎಂಜಿನ್ನಿಗೆ ಶೇ 5ರ ಬದಲು ಶೇ 28 ತೆರಿಗೆ ವಿಧಿಸಿದ್ದು, ಅಂತರರಾಜ್ಯ ಮಾರಾಟವನ್ನು ಕೇರಳದೊಳಗಿನ ಮಾರಾಟವೆಂದು ತೋರಿಸಿದ್ದು ಹಾಗೂ ಇದರಿಂದ ನೋಂದಣಿ ತಡವಾದ ಬಗ್ಗೆ.

ಮಾನ್ಯರೇ,

ತಮ್ಮ ಯಾರ್ಡಿನಲ್ಲಿ ನಾನು ಕಟ್ಟಿಸಿದ 32 ಅಡಿಯ ಫೈಬರ್ ಬೋಟು 2024ರ ಜುಲೈ 26ರ ಬೆಳಿಗ್ಗೆ ಲಾರಿಯಲ್ಲಿ ಮಲ್ಪೆಗೆ ಬಂದು ಇಳಿಯಿತು. ಬೋಟಿನ ಕೆಲಸದ ಬಗ್ಗೆ ನನ್ನದೇನೂ ತಕರಾರಿಲ್ಲ. ತಳ ಗಟ್ಟಿಯಾಗಿದೆ, ಎಂಜಿನ್ ಕೂರಿಸಿದ ರೀತಿಯನ್ನು ನಮ್ಮ ಬಂದರಿನ ಮೆಕ್ಯಾನಿಕ್ಕುಗಳೇ ಮೆಚ್ಚಿದ್ದಾರೆ. ನನ್ನ ದೂರು ಇರುವುದು ಅದರ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಬಂದ ಬಿಲ್ಲಿನ ಬಗ್ಗೆ. ಆರು ತಿಂಗಳಿಂದ ಫೋನಿನಲ್ಲೂ ವಾಟ್ಸಾಪಿನಲ್ಲೂ ಹೇಳುತ್ತಾ ಬಂದಿದ್ದರೂ ಅರ್ಧ ಮಾತ್ರ ಸರಿಹೋಗಿರುವುದರಿಂದ ಉಳಿದರ್ಧವನ್ನು ಈ ಪತ್ರದಲ್ಲಿ ಬರೆದು ಕಳುಹಿಸುತ್ತಿದ್ದೇನೆ.

ಬಿಲ್ಲಿನಲ್ಲಿರುವ ಲೆಕ್ಕ ಹೀಗಿದೆ. ಬೋಟಿನ ಬೆಲೆ ₹6,50,000, ಅದಕ್ಕೆ ಶೇ 5ರಂತೆ ₹32,500 ತೆರಿಗೆ. ಗೇರ್‌ಬಾಕ್ಸ್ ಸಹಿತ ಮೆರೈನ್ ಡೀಸೆಲ್ ಎಂಜಿನ್ನಿಗೆ ₹4,20,000, ಅದಕ್ಕೆ ಶೇ 28ರಂತೆ ₹1,17,600 ತೆರಿಗೆ. ಒಟ್ಟು ₹12,20,100ನ್ನು ನಾನು ಬ್ಯಾಂಕಿನ ಮೂಲಕ ಪೂರ್ತಿಯಾಗಿ ಪಾವತಿಸಿದ್ದೇನೆ. ಸಹಕಾರಿ ಬ್ಯಾಂಕು ಮಂಜೂರು ಮಾಡಿದ ಸಾಲ ಇಷ್ಟಕ್ಕೆ ಸಾಲದೆ, ಕಡಿಮೆ ಬಿದ್ದ ಹಣಕ್ಕೆ ಮನೆಯ ಚಿನ್ನವನ್ನು ಅಡವಿಡಬೇಕಾಯಿತು ಎಂಬುದನ್ನು ಇಲ್ಲಿ ಹೇಳಿಕೊಳ್ಳುತ್ತಿರುವುದು ಕನಿಕರಕ್ಕಾಗಿ ಅಲ್ಲ. ಆ ಕಡಿಮೆ ಬಿದ್ದ ಹಣ ಹೆಚ್ಚುಕಡಿಮೆ ತಾವು ತಪ್ಪಾಗಿ ಹಾಕಿದ ತೆರಿಗೆಯಷ್ಟೇ ಇತ್ತು ಎಂಬ ಕಾರಣಕ್ಕೆ.

ಎಂಜಿನ್ನಿನ ದರ ತಪ್ಪೆಂದು ನನಗೆ ಮೊದಲು ಹೊಳೆದದ್ದು ಪಕ್ಕದ ಬೋಟಿನವರ ಬಿಲ್ಲು ನೋಡಿದಾಗ. ಅದೇ ಕಂಪನಿಯ, ಅದೇ ಅಶ್ವಶಕ್ತಿಯ ಎಂಜಿನ್ನಿಗೆ ಅವರು ಕೊಟ್ಟಿದ್ದು ಶೇ 5. ಉಡುಪಿಯ ತೆರಿಗೆ ಸಲಹೆಗಾರರೊಬ್ಬರಲ್ಲಿ ವಿಚಾರಿಸಿದಾಗ ಅವರು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು 2018ರ ಆಗಸ್ಟ್ 9ರಂದು ಹೊರಡಿಸಿದ 52/26/2018ನೇ ಸಂಖ್ಯೆಯ ಸುತ್ತೋಲೆಯನ್ನು ತೆಗೆದು ತೋರಿಸಿದರು. ಮೀನುಗಾರಿಕೆ ಬೋಟುಗಳು ಸರಕುಗಳ ತೆರಿಗೆ ಪಟ್ಟಿಯ 8902ನೇ ಶೀರ್ಷಿಕೆಯಲ್ಲಿ ಶೇ 5ರ ದರಕ್ಕೆ ಒಳಪಡುತ್ತವೆ, ಅವುಗಳ ಭಾಗಗಳು ಯಾವ ಅಧ್ಯಾಯಕ್ಕೆ ಸೇರಿದ್ದರೂ ಅದೇ ದರಕ್ಕೆ ಬರುತ್ತವೆ, ಹಾಗಾಗಿ ಅದೇ ಪಟ್ಟಿಯ 8408 10 93ರ ಅಡಿ ಬರುವ ಮೀನುಗಾರಿಕೆ ಬೋಟಿನ ಮೆರೈನ್ ಎಂಜಿನ್ನಿಗೂ ಶೇ 5 ಮಾತ್ರ ಎಂದು ಅದರಲ್ಲಿ ಸ್ಪಷ್ಟವಾಗಿದೆ. ತಮ್ಮ ಬಿಲ್ಲಿನಲ್ಲಿ ಬರೀ 8408 ಎಂದು ನಾಲ್ಕು ಅಂಕಿ ಬರೆದು ಸಾಮಾನ್ಯ ಡೀಸೆಲ್ ಎಂಜಿನ್ನಿನ ದರ ಹಾಕಲಾಗಿದೆ. ತಮ್ಮ ಯಾರ್ಡಿನಲ್ಲಿ ಪ್ರವಾಸಿಗಳ ಮೋಜಿನ ದೋಣಿಗಳೂ ತಯಾರಾಗುವುದನ್ನು ನಾನು ಕಂಡಿದ್ದೇನೆ. ಬಿಲ್ಲು ಬರೆದ 2024ರಲ್ಲಿ ಅವುಗಳ ಮೇಲೆ ಶೇ 28 ತೆರಿಗೆ, ಅದರ ಮೇಲೆ ಶೇ 3 ಸೆಸ್ಸು ಇದ್ದುದರಿಂದ ಲೆಕ್ಕ ಬರೆಯುವವರ ಕೈ ಆ ದರಕ್ಕೇ ಒಗ್ಗಿಹೋಗಿರಬಹುದು. ಆದರೆ ತಾವೇ 2024ರ ಮೇ ತಿಂಗಳಲ್ಲಿ ಕೊಟ್ಟ ದರಪಟ್ಟಿಯಲ್ಲಿ ‘ಮೀನುಗಾರಿಕೆ ಬೋಟಿಗೆ ಎಂಜಿನ್’ ಎಂದು ಬರೆದಿರುವಾಗ ಈ ಗೊಂದಲಕ್ಕೆ ಆಸ್ಪದವಿರಲಿಲ್ಲ.

ಶೇ 5ರಂತೆ ಎಂಜಿನ್ನಿನ ತೆರಿಗೆ ₹21,000 ಆಗುತ್ತದೆ. ನನ್ನಿಂದ ಹೆಚ್ಚಾಗಿ ಪಡೆದದ್ದು ₹96,600.

ಈ ಬಗ್ಗೆ ಫೋನ್ ಮಾಡಿದಾಗ ತಮ್ಮ ಕಚೇರಿಯವರು ‘ಕೇರಳದಲ್ಲಿ ಎಂಜಿನ್ನಿಗೆ ಇದೇ ರೇಟು, ಕರ್ನಾಟಕದ್ದು ಬೇರೆ ಇರಬಹುದು’ ಎಂದರು. 2017ರ ಜುಲೈ 1ಕ್ಕೆ ಮೊದಲು ಆಡಿದ್ದರೆ ಈ ಮಾತಿಗೆ ಅರ್ಥವಿರುತ್ತಿತ್ತು. ಆಗ ಒಂದೊಂದು ರಾಜ್ಯಕ್ಕೆ ಒಂದೊಂದು ಮಾರಾಟ ತೆರಿಗೆ, ಗಡಿ ದಾಟಿದರೆ ಕೇಂದ್ರ ಮಾರಾಟ ತೆರಿಗೆ. ನನ್ನ ತಂದೆ ಕೇರಳದಿಂದ ಎಂಜಿನ್ ತಂದಾಗ ಗಡಿಯ ತಪಾಸಣಾ ಠಾಣೆಯಲ್ಲಿ ಕಾಗದಪತ್ರ ಹಿಡಿದು ಒಂದು ರಾತ್ರಿ ಲಾರಿಯಲ್ಲೇ ಮಲಗಿದ್ದನ್ನು ಮನೆಯಲ್ಲಿ ಈಗಲೂ ನೆನೆಯುತ್ತಾರೆ. ಜಿಎಸ್‌ಟಿಯಲ್ಲಿ ಒಂದು ವಸ್ತುವಿನ ದರ ತಲಪಾಡಿ ಗಡಿಯ ಆಚೆಗೂ ಈಚೆಗೂ ಒಂದೇ. ಬದಲಾಗುವುದು ತೆರಿಗೆಯ ಹೆಸರು ಮಾತ್ರ: ರಾಜ್ಯದೊಳಗೆ ಮಾರಿದರೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಮತ್ತು ಎಸ್‌ಜಿಎಸ್‌ಟಿ (ರಾಜ್ಯದ ಪಾಲು), ಇನ್ನೊಂದು ರಾಜ್ಯಕ್ಕೆ ಮಾರಿದರೆ ಐಜಿಎಸ್‌ಟಿ (ಅಂತರರಾಜ್ಯ ತೆರಿಗೆ).

ಆ ಹೆಸರನ್ನೂ ತಾವು ತಪ್ಪಾಗಿ ಬರೆದಿದ್ದೀರಿ. ಬೋಟನ್ನು ಮಲ್ಪೆಗೆ ತಲುಪಿಸಿಕೊಡುವ ಹೊಣೆ ದರಪಟ್ಟಿಯ ಪ್ರಕಾರ ತಮ್ಮದೇ ಆಗಿತ್ತು. ಲಾರಿ ಗೊತ್ತುಮಾಡಿದ್ದು ತಾವು, ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ಲು ತೆಗೆದದ್ದು ತಾವು, ಆ ಇ-ವೇ ಬಿಲ್ಲಿನಲ್ಲಿ ತಲುಪಬೇಕಾದ ಸ್ಥಳ ಮಲ್ಪೆ ಎಂದೇ ಇದೆ. ಆದರೆ ಅದೇ ಲಾರಿಯಲ್ಲಿ ಬಂದ ಬಿಲ್ಲಿನಲ್ಲಿ ‘ಪೂರೈಕೆಯ ಸ್ಥಳ: ಕೇರಳ’ ಎಂದು ಬರೆದು ತೆರಿಗೆಯನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಪಾಲು ಮಾಡಲಾಗಿದೆ. ಐಜಿಎಸ್‌ಟಿ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಸರಕಿನ ಸಾಗಣೆ ಎಲ್ಲಿ ಕೊನೆಗೊಳ್ಳುತ್ತದೆಯೋ ಅದೇ ಪೂರೈಕೆಯ ಸ್ಥಳ. ನಾನು ಯಾರ್ಡಿಗೆ ಬಂದು ಬೋಟು ನೋಡಿ ಒಪ್ಪಿಕೊಂಡೆ, ಆದ್ದರಿಂದ ಮಾರಾಟ ಅಲ್ಲೇ ಮುಗಿಯಿತು ಎಂಬ ತಮ್ಮ ವಾದವೂ ನಿಲ್ಲುವುದಿಲ್ಲ. ಏಕೆಂದರೆ 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಖರೀದಿದಾರನಿಗೆ ಸರಕು ಮಾರಿದಾಗ ಬಿಲ್ಲಿನಲ್ಲಿ ದಾಖಲಾದ ಆತನ ವಿಳಾಸವೇ ಪೂರೈಕೆಯ ಸ್ಥಳವೆಂದು ಆ ಸೆಕ್ಷನ್ನಿಗೆ ಸೇರಿಸಲಾಗಿದೆ, ಮತ್ತು ಬಿಲ್ಲಿನಲ್ಲಿ ತಾವೇ ಅಚ್ಚು ಹಾಕಿಸಿರುವ ನನ್ನ ವಿಳಾಸ ಉಡುಪಿ ಜಿಲ್ಲೆಯದು.

ನನಗೆ ಜಿಎಸ್‌ಟಿ ನೋಂದಣಿ ಇಲ್ಲ. ಹಸಿ ಮೀನಿಗೆ ತೆರಿಗೆ ಇಲ್ಲವಾದ್ದರಿಂದ ಅದನ್ನಷ್ಟೇ ಮಾರುವ ನನ್ನಂಥವರಿಗೆ ಅದು ಬೇಕಾಗಿಯೂ ಇಲ್ಲ. ಆದ್ದರಿಂದ ಕೊಟ್ಟ ತೆರಿಗೆಯನ್ನು ಹೂಡುವಳಿ ತೆರಿಗೆಯೆಂದು (ವ್ಯಾಪಾರಕ್ಕಾಗಿ ಕೊಂಡದ್ದರ ಮೇಲಿನ ತೆರಿಗೆಯೆಂದು) ಎಲ್ಲಿಯೂ ಮುರಿದುಕೊಳ್ಳಲು ಬರುವುದಿಲ್ಲ. ಬಿಲ್ಲಿನಲ್ಲಿ ಹೆಚ್ಚಾದ ಪ್ರತಿ ರೂಪಾಯಿಯೂ ನನ್ನ ಕೈಯಿಂದಲೇ ಹೋದದ್ದು.

ಈಗ ನೋಂದಣಿಯ ವಿಷಯ. ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಗಸ್ಟ್ ಮೊದಲ ವಾರದಲ್ಲೇ ಕಡಲಿಗಿಳಿಯಬೇಕೆಂದು ನಾನು ಮೀನುಗಾರಿಕೆ ಇಲಾಖೆಯ ಸಾಧ್ಯತಾ ಪತ್ರವನ್ನು (ಹೊಸ ಬೋಟಿಗೆ ಕೊಡುವ ಮುಂಗಡ ಒಪ್ಪಿಗೆ) ಮೊದಲೇ ಪಡೆದು, ಬೋಟು ಬಂದ ವಾರದೊಳಗೆ ನೋಂದಣಿಗೆ ಅರ್ಜಿ ಹಾಕಿದ್ದೆ. ಆಗಸ್ಟ್ 9ರಂದು ಪರಿಶೀಲನೆಗೆ ಬಂದ ಅಧಿಕಾರಿಗಳು ಎಂಜಿನ್ ಕೋಣೆಗೆ ಇಳಿದು, ಗ್ರೀಸು ಮೆತ್ತಿದ್ದ ನಂಬರ್ ಪ್ಲೇಟನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಟಾರ್ಚು ಹಿಡಿದು ಒಂದೊಂದೇ ಅಂಕಿಯನ್ನು ಓದಿದರು. ನಾನು ಬಿಲ್ಲು ಹಿಡಿದುಕೊಂಡು ಮೇಲೆ ನಿಂತು ತಾಳೆ ನೋಡುತ್ತಿದ್ದೆ. ಕೊನೆಯಿಂದ ಮೂರನೆಯ ಅಂಕಿ ಪ್ಲೇಟಿನಲ್ಲಿ 8, ಬಿಲ್ಲಿನಲ್ಲಿ 3. ಅವರು ಮೇಲೆ ಬಂದು ಬಿಲ್ಲನ್ನು ಕೈಗೆ ತೆಗೆದುಕೊಂಡು ಮಾರಾಟ ಕೇರಳದಲ್ಲೇ ಆಗಿದೆಯೆಂಬುದನ್ನು ಓದಿ, ಹಾಗಾದರೆ ಬೋಟು ಅಲ್ಲಿ ಮೊದಲೇ ನೋಂದಣಿಯಾಗಿದೆಯೇ, ಆಗಿದ್ದರೆ ಅಲ್ಲಿಯ ಇಲಾಖೆಯ ನಿರಾಕ್ಷೇಪಣಾ ಪತ್ರ ಎಲ್ಲಿ ಎಂದು ಕೇಳಿದರು. ಹೊಸ ಬೋಟು ಎಂದು ನಾನು ಬಾಯಲ್ಲಿ ಹೇಳಿದ್ದು ಕಡತಕ್ಕೆ ಸಾಕಾಗಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಎಂಜಿನ್ ನಂಬರೇ ತಾಳೆಯಾಗದ, ಇನ್ನೊಂದು ರಾಜ್ಯದ ಬಿಲ್ಲಿನ ಬೋಟಿಗೆ ಕಣ್ಣುಮುಚ್ಚಿ ನಂಬರು ಕೊಡುವುದು ಅವರ ಕೆಲಸವಲ್ಲ.

ಆಗಸ್ಟ್ 12ರಂದೇ ನಾನು ಎರಡೂ ವಿಷಯವನ್ನು ತಮಗೆ ಫೋಟೋ ಸಹಿತ ಕಳುಹಿಸಿದೆ. ಎಂಜಿನ್ ನಂಬರನ್ನು ಸರಿಪಡಿಸಿದ ಪತ್ರ ಮತ್ತು ಬೋಟು ಹೊಸದು, ಕೇರಳದಲ್ಲಿ ನೋಂದಣಿಯಾಗಿಲ್ಲ ಎಂಬ ನಿರ್ಮಾಣ ಪ್ರಮಾಣಪತ್ರ ನನ್ನ ಕೈಸೇರಿದ್ದು ಅಕ್ಟೋಬರ್ 9ಕ್ಕೆ. ಎರಡು ಹಾಳೆಯ ಕಾಗದಕ್ಕೆ ಎಂಟು ವಾರ. ನಡುವೆ ಎರಡು ಬಾರಿ ನಾನೇ ತಮ್ಮ ಕಚೇರಿಗೆ ಬಂದೆ. ಒಮ್ಮೆ ಸಹಿ ಮಾಡುವವರು ಊರಲ್ಲಿರಲಿಲ್ಲ, ಇನ್ನೊಮ್ಮೆ ಸೀಲು ಇರಲಿಲ್ಲ. ಅಕ್ಟೋಬರ್ 24ರಂದು ಬೋಟಿಗೆ ನಂಬರು ಬಂತು. ನೋಂದಣಿಯೂ ಪರವಾನಗಿಯೂ ಇಲ್ಲದೆ ಕಡಲಿಗಿಳಿಯುವಂತಿಲ್ಲ, ಕರರಹಿತ ಡೀಸೆಲ್ಲಿಗೆ ಅರ್ಜಿ ಹಾಕುವಂತೆಯೂ ಇಲ್ಲ. ಋತುವಿನ ಮೊದಲ ಹನ್ನೆರಡು ವಾರ ಬೋಟು ಟಾರ್ಪಾಲು ಹೊದ್ದು ದಡದಲ್ಲೇ ಇತ್ತು. ಬೇರೆ ಬೋಟಿಗೆ ಹೋಗದಂತೆ ನಾಲ್ವರು ಕಲಾಸಿಗಳಿಗೆ (ಬೋಟಿನ ಕೆಲಸಗಾರರಿಗೆ) ತಲಾ ₹12,000ದಂತೆ ₹48,000 ಕೊಟ್ಟು ಇರಿಸಿಕೊಂಡೆ. ಸಿಗದೆ ಹೋದ ಮೀನಿನ ಲೆಕ್ಕವನ್ನು ನಾನು ಕೇಳುತ್ತಿಲ್ಲ, ಅದನ್ನು ಯಾರೂ ಲೆಕ್ಕ ಹಾಕಲಾರರು. ಕಲಾಸಿಗಳಿಗೆ ಕೊಟ್ಟದ್ದಕ್ಕೆ ಅವರ ಸಹಿಯಿರುವ ರಸೀದಿಗಳಿವೆ.

ಹೆಚ್ಚುವರಿ ತೆರಿಗೆಯ ಬಗ್ಗೆ ತಮ್ಮ ಕೊನೆಯ ಉತ್ತರ, ರಿಟರ್ನ್ ಸಲ್ಲಿಸಿಯಾಗಿದೆ, ಹಣ ಸರ್ಕಾರಕ್ಕೆ ಹೋಗಿದೆ, ಇನ್ನೇನೂ ಮಾಡಲು ಬರುವುದಿಲ್ಲ ಎಂಬುದು. ಮಾಡಲು ಬರುತ್ತದೆ. ಸಿಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಇರುವುದೇ ಇದಕ್ಕೆ: ಬಿಲ್ಲಿನಲ್ಲಿ ವಿಧಿಸಿದ ತೆರಿಗೆ ನಿಜವಾಗಿ ಸಲ್ಲಬೇಕಾದ್ದಕ್ಕಿಂತ ಹೆಚ್ಚಾಗಿದ್ದರೆ ಮಾರಿದವರು ಆ ಹೆಚ್ಚಿನ ಮೊತ್ತವನ್ನು ಕಳೆದು ತೋರಿಸುವ ಕ್ರೆಡಿಟ್ ನೋಟ್ ಕೊಡಬಹುದು. 2024-25ರ ಬಿಲ್ಲಿಗೆ ಅದನ್ನು 2025ರ ನವೆಂಬರ್ 30ರೊಳಗೆ, ಅಥವಾ ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸುವುದಾದರೆ ಆ ದಿನದೊಳಗೆ, ರಿಟರ್ನಿನಲ್ಲಿ ತೋರಿಸಿ ತಮ್ಮ ತೆರಿಗೆ ಹೊಣೆಯಿಂದ ಕಳೆಯಬಹುದು. ಆದರೆ ತೆರಿಗೆಯ ಹೊರೆ ನನ್ನ ಮೇಲೆಯೇ ಉಳಿದಿದ್ದರೆ ಕಳೆಯುವಂತಿಲ್ಲ. ಅಂದರೆ ಮೊದಲು ನನ್ನ ಹಣ ನನಗೆ ಬರಬೇಕು. ಇನ್ನು ಕೇರಳದ ಲೆಕ್ಕಕ್ಕೆ ಹೋದ ತೆರಿಗೆಯನ್ನು ಐಜಿಎಸ್‌ಟಿಯಾಗಿ ಕಟ್ಟಿ ಮೊದಲಿನದನ್ನು ಮರಳಿ ಪಡೆಯಲು 77ನೇ ಸೆಕ್ಷನ್ ಇದೆ, ಹಾಗೆ ಕಟ್ಟುವ ಐಜಿಎಸ್‌ಟಿಗೆ ಬಡ್ಡಿಯೂ ಇಲ್ಲ. ಅದು ತಮಗೂ ಸರ್ಕಾರಕ್ಕೂ ನಡುವಿನ ಲೆಕ್ಕ, ಅದು ಮುಗಿಯುವ ತನಕ ನಾನು ಕಾಯಬೇಕಾದ ಕಾರಣವಿಲ್ಲ.

ಆದ್ದರಿಂದ ಈ ಪತ್ರ ತಲುಪಿದ 30 ದಿನಗಳೊಳಗೆ ಹೆಚ್ಚುವರಿ ತೆರಿಗೆ ₹96,600 ಮತ್ತು ಕಲಾಸಿಗಳಿಗೆ ಕೊಟ್ಟ ₹48,000, ಒಟ್ಟು ₹1,44,600ನ್ನು ನಾನು ಪಾವತಿ ಮಾಡಿದ ಬ್ಯಾಂಕ್ ಖಾತೆಗೇ ಜಮಾ ಮಾಡಬೇಕೆಂದೂ, ಕ್ರೆಡಿಟ್ ನೋಟನ್ನು ಮತ್ತು ಪೂರೈಕೆಯ ಸ್ಥಳ ಕರ್ನಾಟಕವೆಂದು ಸರಿಪಡಿಸಿದ ಬಿಲ್ಲನ್ನು ಎಂಜಿನ್ನಿನ ಸರಿಯಾದ ನಂಬರಿನೊಂದಿಗೆ ಕಳುಹಿಸಬೇಕೆಂದೂ ಕೋರುತ್ತೇನೆ. ಮುಂದೆ ಬೋಟು ಮಾರುವಾಗಲೋ ವಿಮೆಯ ಹಣ ಕೇಳುವಾಗಲೋ ಹಳೆಯ ಬಿಲ್ಲಿಗೆ ತಮ್ಮ ಪತ್ರವನ್ನು ಗುಂಡುಸೂಜಿಯಿಂದ ಸಿಕ್ಕಿಸಿ ತೋರಿಸುತ್ತಾ ಇರಲು ನನಗೆ ಮನಸ್ಸಿಲ್ಲ.

ಇದಾಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ತಮ್ಮ ಸಂಸ್ಥೆ ಕೇರಳದಲ್ಲಿರುವುದು ಅದಕ್ಕೆ ಅಡ್ಡಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೋಟು ವ್ಯಾಪಾರದ ವಸ್ತು, ಆದ್ದರಿಂದ ನಾನು ಗ್ರಾಹಕನಲ್ಲ ಎಂದು ತಮಗೆ ಯಾರಾದರೂ ಸಲಹೆ ಕೊಟ್ಟರೆ, ಸ್ವಯಂ ಉದ್ಯೋಗದಿಂದ ಜೀವನ ಸಾಗಿಸಲು ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂದು ಅದೇ ಕಾಯ್ದೆ ಹೇಳುವುದನ್ನೂ ಅವರಲ್ಲಿ ಕೇಳಿ ನೋಡಿ. ಈ ಬೋಟನ್ನು ಕಡಲಲ್ಲಿ ನಡೆಸುವ ತಾಂಡೇಲ ನಾನೇ.

ಬಿಲ್ಲು, ಇ-ವೇ ಬಿಲ್ಲು, ದರಪಟ್ಟಿ, ಬ್ಯಾಂಕ್ ಪಾವತಿಯ ವಿವರ, ಎಂಜಿನ್ ಪ್ಲೇಟಿನ ಫೋಟೋ ಮತ್ತು ಕಲಾಸಿಗಳ ರಸೀದಿಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಬೇರೆಯಾಗಿ ಕೊಂಡ ವಯರ್‌ಲೆಸ್ ಮತ್ತು ಜಿಪಿಎಸ್ ಉಪಕರಣಗಳ ತೆರಿಗೆಯ ಬಗ್ಗೆ ನನ್ನ ಆಕ್ಷೇಪಣೆ ಇಲ್ಲ. ಗೇರ್‌ಬಾಕ್ಸಿನ ಸರ್ವಿಸು ಮಾರ್ಚಿನಲ್ಲಿ ಬರುತ್ತದೆ. ಅದಕ್ಕೆ ತಮ್ಮ ಮೆಕ್ಯಾನಿಕ್ಕನ್ನು ನಾನು ಬೇರೆಯಾಗಿಯೇ ಕರೆಯುತ್ತೇನೆ, ಅದನ್ನು ದಯವಿಟ್ಟು ಈ ವಿಷಯಕ್ಕೆ ತಳಕು ಹಾಕಬೇಡಿ.

ಇತಿ ತಮ್ಮ ವಿಶ್ವಾಸಿ,

(ಸಹಿ)
ಬೋಟಿನ ಮಾಲೀಕ, ಮಲ್ಪೆ