ಸಂಸದರೇ, ಭೋಪಾಲದ ನೀರಿನ ಬಗ್ಗೆ ಒಂದು ಪ್ರಶ್ನೆ ಕೇಳಿ

ಮಾನ್ಯ ಸಂಸದರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರ. ಈ ಸಲ ನಮ್ಮೂರಿನ ರಸ್ತೆ, ರೈಲಿನ ವಿಷಯ ಅಲ್ಲ. ಬ್ಯಾಂಕಿನ ವರ್ಗಾವಣೆ ಮೇಲೆ ಎರಡು ವರ್ಷ ಭೋಪಾಲದಲ್ಲಿದ್ದೆ. ಆ ಊರಿನ ಉಪ್ಪು ತಿಂದ ಋಣ ನನ್ನ ಮೇಲಿದೆ.

ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಗೋಡೆಗೆ ಹತ್ತಿರದ ಒಂದು ಗಲ್ಲಿಗೆ ಹೋಗಿದ್ದೆ. ತಿರುವಿನಲ್ಲಿ ಕೆಂಪು ಬಣ್ಣ ಬಳಿದ ಬೋರಿಂಗ್ ಪಂಪು. ಈ ನೀರು ಕುಡಿಯಬೇಡಿ ಅನ್ನುವ ಗುರುತು ಅದು. ಒಬ್ಬ ಅಜ್ಜಿ ಕೊಡದ ಬಾಯಿಗೆ ಹಳೇ ಸೀರೆ ತುಂಡು ಮಡಚಿ ಹಾಕಿ ಅದೇ ಪಂಪು ಒತ್ತುತ್ತಿದ್ದರು. "ಕುಡಿಯೋದಕ್ಕಲ್ಲಪ್ಪಾ, ಪಾತ್ರೆಗೆ. ನಲ್ಲಿ ಬಾರದ ದಿನ ಇದೇ ಗತಿ" ಅಂದರು. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ. ನೀರಲ್ಲಿ ಕರಗಿದ ಕ್ಲೋರೋಬೆಂಜೀನ್‌ನಂಥ ವಿಷದ ರಾಸಾಯನಿಕ ನಿಲ್ಲುತ್ತದೆಯೇ?

1984ರ ಡಿಸೆಂಬರ್ 2ರ ರಾತ್ರಿ ಈ ಕಾರ್ಖಾನೆಯಿಂದ ಸೋರಿದ ಅನಿಲದ ಕಥೆ ಎಲ್ಲರಿಗೂ ಗೊತ್ತು. ನೀರಿನದು ಅದಕ್ಕಿಂತ ಹಳೇ ಕಥೆ. ಕೀಟನಾಶಕ ಮಾಡಿ ಉಳಿದ ಕೊಳೆನೀರನ್ನು ಬಿಸಿಲಿಗೆ ಆರಿಸಲು ಕಂಪನಿ 1977ರಲ್ಲಿ ಕಾರ್ಖಾನೆಯ ಹೊರಗೆ ದೊಡ್ಡ ಹೊಂಡಗಳನ್ನು ಮಾಡಿತು. ತಳಕ್ಕೆ ಪ್ಲಾಸ್ಟಿಕ್ ಹಾಳೆ. 1982ರಲ್ಲೇ ಆ ಹೊಂಡ ಸೋರುತ್ತಿತ್ತು. ಅನಿಲ ದುರಂತಕ್ಕೂ ಎರಡು ವರ್ಷ ಮೊದಲು! ಅಂದಿನಿಂದ ಮಳೆಗಾಲ ಬಂದಾಗಲೆಲ್ಲ ಮಣ್ಣಿನ ವಿಷ ನೀರಿಗೆ ಇಳಿಯುತ್ತಲೇ ಇದೆ.

2025ರ ಜನವರಿಯಲ್ಲಿ ಕಾರ್ಖಾನೆಯ 337 ಟನ್ ವಿಷದ ಕಸವನ್ನು 12 ಕಂಟೇನರ್‌ಗಳಲ್ಲಿ ಮಧ್ಯಪ್ರದೇಶದ್ದೇ ಆದ ಪೀಥಂಪುರಕ್ಕೆ ಸಾಗಿಸಿದರು. ಜೂನ್ ಮುಗಿಯುವಷ್ಟರಲ್ಲಿ ಸುಟ್ಟೂ ಆಯ್ತು. ಟಿವಿ ನೋಡಿ, ಸದ್ಯ ಭೋಪಾಲ ಚೊಕ್ಕಟವಾಯ್ತು ಅಂದುಕೊಂಡವರೇ ಜಾಸ್ತಿ. ಆದರೆ ಅದು ನೆಲದ ಮೇಲೆ ಕಟ್ಟಿಟ್ಟಿದ್ದ ಕಸ. ನೆಲದೊಳಗಿನದು ಹಾಗೇ ಇದೆ. ನೀರಿ (NEERI), ಎನ್‌ಜಿಆರ್‌ಐ ಎಂಬ ಎರಡು ಸರ್ಕಾರಿ ಸಂಶೋಧನಾ ಸಂಸ್ಥೆಗಳು 2010ರಲ್ಲಿ ಹಾಕಿದ ಲೆಕ್ಕದಂತೆ ಕೆಟ್ಟ ಮಣ್ಣೇ 11 ಲಕ್ಷ ಟನ್. ಸುಟ್ಟಿದ್ದು ಅದರ ಮೂರು ಸಾವಿರದಲ್ಲಿ ಒಂದು ಪಾಲಿನಷ್ಟೂ ಇಲ್ಲ.

ಕಾರ್ಖಾನೆ ಸುತ್ತಲಿನ ಬಡಾವಣೆಗಳಿಗೆ ಶುದ್ಧ ನೀರು ಕೊಡಿ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತು. ಪೈಪು ಬಂದಿದೆ, ಒಳ್ಳೆಯದೇ. ಆದರೆ ಮಣ್ಣು ಮುಟ್ಟದೆ ಸುಮ್ನೆ ಪೈಪು ಹಾಕುತ್ತಾ ಹೋದರೆ ಏನಾಗುತ್ತೆ? ಹೆಂಚು ಒಡೆದ ಮನೆಯಲ್ಲಿ ಸೋರುವ ಕಡೆಯೆಲ್ಲ ಪಾತ್ರೆ ಇಟ್ಟುಕೊಂಡು ಕೂತಂತೆ ಅಲ್ವಾ?

ಬರುವ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೇ ಅರ್ಜಿ ಹಾಕಿ. ಆಗ ಮಂತ್ರಿಗಳು ಎದ್ದು ನಿಂತು ಉತ್ತರ ಕೊಡಬೇಕಾಗುತ್ತದೆ, ನೀವು ಮರುಪ್ರಶ್ನೆಯನ್ನೂ ಕೇಳಬಹುದು. ಇವತ್ತಿಗೆ ಆ ವಿಷ ಎಷ್ಟು ದೂರ, ಎಷ್ಟು ಆಳ ಹೋಗಿದೆ? ಹೊಂಡದ ಮಣ್ಣು ತೆಗೆಯುವ ಕೆಲಸ ಯಾವ ತಿಂಗಳು ಶುರು? ಯೂನಿಯನ್ ಕಾರ್ಬೈಡನ್ನು 2001ರಲ್ಲಿ ಕೊಂಡ ಡೌ ಕೆಮಿಕಲ್‌ನಿಂದ ಖರ್ಚು ವಸೂಲಿ ಮಾಡಲು ಸರ್ಕಾರ ಏನು ಮಾಡುತ್ತಿದೆ?

ಉತ್ತರ ಬಂದ ದಿನ ನನಗೊಂದು ಪ್ರತಿ ಕಳಿಸಿ. ಆ ಗಲ್ಲಿಗೆ ನಾನೇ ತಲುಪಿಸುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ